ನಿಂತ ಲಿಫ್ಟನ್ನು ಬೈಯಬೇಡಿ

ಕಳೆದ ಬೇಸಿಗೆಯ ಒಂದು ಸೋಮವಾರ ಸಂಜೆ ಬಂಗಾರಪೇಟೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. “ಸಾರ್, ಮನೆ ಲಿಫ್ಟು ಕೆಟ್ಟಿತ್ತು, ರಿಪೇರಿ ಮಾಡಿಸಿದ್ದೀನಿ. ಚೆನ್ನಾಗೇ ಓಡ್ತಾ ಇದೆ. ಆದರೆ ಅಪ್ಪ ಮೇನ್ ಆಫ್ ಮಾಡಿ ಅದರ ಮುಂದೆ ಕುರ್ಚಿ ಹಾಕ್ಕೊಂಡು ಕೂತುಬಿಟ್ಟಿದ್ದಾರೆ. ಯಾರನ್ನೂ ಹತ್ತೋಕೆ ಬಿಡ್ತಾ ಇಲ್ಲ. ನೀವಾದರೂ ಬಂದು ಒಂದು ಮಾತು ಹೇಳಿ” ಎಂದ.

ಕೆಟ್ಟ ಲಿಫ್ಟಿಗೆ ಕರೆಯುವುದು ಸಹಜ. ಓಡುತ್ತಿರುವ ಲಿಫ್ಟಿಗೆ ಮೇಷ್ಟರನ್ನು ಕರೆದದ್ದು ಇದೇ ಮೊದಲು. ಕುತೂಹಲದಿಂದಲೇ ಹೋದೆ.

ಆ ಮನೆ ನೆಲಮಹಡಿ, ಅದರ ಮೇಲೆ ಎರಡು ಮಹಡಿ. ತಂದೆಗೆ ಎಂಬತ್ತರ ಹತ್ತಿರ ವಯಸ್ಸು, ತಾಯಿಗೆ ಮೊಣಕಾಲು ನೋವು. ಅವರಿಗಾಗಿಯೇ ಮಗ ಸಾಲ ಮಾಡಿ ನಾಲ್ಕು ಜನರ ಚಿಕ್ಕ ಲಿಫ್ಟು ಹಾಕಿಸಿದ್ದ. ಭಾನುವಾರ ಅದು ನಿಂತುಹೋಯಿತು. ಒಳಗೆ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಗುಂಡಿ ಒತ್ತಿದರೆ ಮಾತ್ರ ಅಲುಗಾಡುವುದಿಲ್ಲ. ಕಂಪನಿಯವರು ಬರುವುದು ಬುಧವಾರ ಎಂದರು. ಅಷ್ಟು ದಿನ ಕಾಯಲಾರದೆ ಮಗ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದ. ಆತ ಕಂಟ್ರೋಲ್ ಪೆಟ್ಟಿಗೆ ತೆರೆದು, ಸ್ವಲ್ಪ ಹೊತ್ತು ನೋಡಿ, ಎರಡು ಟರ್ಮಿನಲ್‌ಗಳ ನಡುವೆ ಗೇಣುದ್ದದ ಒಂದು ತುಂಡು ವೈರು ಸೇರಿಸಿದ. ಲಿಫ್ಟು ಓಡಿತು. ಎಲ್ಲರಿಗೂ ಸಂತೋಷವಾಯಿತು.

ಸೋಮವಾರ ಮಧ್ಯಾಹ್ನ ಎರಡನೇ ಮಹಡಿಯಲ್ಲಿ ಆಡುತ್ತಿದ್ದ ಐದು ವರ್ಷದ ಮೊಮ್ಮಗ “ತಾತಾ, ಇಲ್ಲಿ ನೋಡು, ಎಷ್ಟು ದೊಡ್ಡ ಹಳ್ಳ!” ಎಂದು ಕೂಗಿದ. ತಾತ ಹೋಗಿ ನೋಡಿದರೆ ಲಿಫ್ಟು ನೆಲಮಹಡಿಯಲ್ಲಿದೆ. ಎರಡನೇ ಮಹಡಿಯ ಬಾಗಿಲು ನಾಲ್ಕು ಬೆರಳಷ್ಟು ತೆರೆದಿದೆ. ಮಗು ಆ ಸಂದಿಯಲ್ಲಿ ಎರಡೂ ಕೈ ಹಾಕಿ ಬಾಗಿಲನ್ನು ಇನ್ನಷ್ಟು ಸರಿಸುತ್ತಿದೆ. ಆಚೆ ಇರುವುದು ಎರಡು ಮಹಡಿ ಆಳದ ಖಾಲಿ ಗುಂಡಿ.

ಅಜ್ಜ ಮಗುವನ್ನು ಹಿಂದಕ್ಕೆಳೆದು, ಮೇನ್ ಇಳಿಸಿ, ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡೊಡನೆ ಕೇಳಿದ್ದು ಒಂದೇ ಪ್ರಶ್ನೆ: “ಗೇಟು ಬೀಳದೆ ಕೇಜು ಹೊರಡೋದು ಅಂದರೆ ಏನು ಮೇಷ್ಟ್ರೇ?”

ಕೇಜಿನ ಪಾಠ

‘ಕೇಜು’ ಎಂಬ ಮಾತು ಕೆ.ಜಿ.ಎಫ್. ಸೀಮೆಯವರಿಗೆ ಹೊಸದಲ್ಲ. ಈ ಹಿರಿಯರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಶಾಫ್ಟಿನ ಬಾಯಲ್ಲಿ ನಿಂತು, ಜನರನ್ನು ಕೇಜಿಗೆ ಹತ್ತಿಸಿ, ಗೇಟು ಹಾಕಿ, ಗಂಟೆ ಕೊಡುವುದು ಅವರ ಕೆಲಸವಾಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕೆಲಸ ಹಿಡಿದ ಮೇಲೆ ಗಣಿ ಆಳಕ್ಕೆ ಇಳಿಯುತ್ತ ಹೋಯಿತು. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿ ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚುವವರೆಗೆ ಸಾವಿರಾರು ಮನೆಗಳ ಗಂಡಸರು ದಿನವೂ ಉಕ್ಕಿನ ಹಗ್ಗಕ್ಕೆ ತೂಗುಬಿದ್ದ ಕೇಜಿನಲ್ಲಿ ಇಳಿದು ಹತ್ತಿದವರು.

ಕೇಜನ್ನು ಎಳೆಯುವ ವೈಂಡಿಂಗ್ ಎಂಜಿನ್ ಇರುವುದು ಬೇರೆ ಕಟ್ಟಡದಲ್ಲಿ. ಅದನ್ನು ನಡೆಸುವಾತನಿಗೆ ಕೇಜಿನೊಳಗಿನ ಜನ ಕಾಣುವುದಿಲ್ಲ. ಅವನಿಗೆ ತಿಳಿಯುವುದು ಗಂಟೆ ಮಾತ್ರ. ಗೇಟು ಬಿದ್ದಿದೆ, ಜನ ಸರಿಯಾಗಿ ನಿಂತಿದ್ದಾರೆ ಎಂದು ಖಾತ್ರಿಯಾದ ಮೇಲೆ ಗಂಟೆ. ಗಂಟೆ ಬಾರದಿದ್ದರೆ ಕೇಜು ಕದಲಕೂಡದು. ಓಡುತ್ತಿರುವಾಗ ಒಂದೇ ಒಂದು ಗಂಟೆ ಬಂದರೆ ತಕ್ಷಣ ನಿಲ್ಲಿಸಬೇಕು. ‘ಏನೂ ಕೇಳಿಸಲಿಲ್ಲ, ಆದ್ದರಿಂದ ಎಲ್ಲ ಸರಿಯಿರಬೇಕು’ ಎಂದುಕೊಳ್ಳಲು ಅಲ್ಲಿ ಅವಕಾಶವೇ ಇರಲಿಲ್ಲ.

ಹಿರಿಯರ ಪ್ರಶ್ನೆಯ ಅರ್ಥ ಈಗ ನಿಮಗೆ ಹೊಳೆದಿರಬಹುದು. ಮನೆಯ ಲಿಫ್ಟಿನಲ್ಲಿ ಗಂಟೆ ಕೊಡಲು ಮನುಷ್ಯನಿಲ್ಲ. ಅವನ ಜಾಗದಲ್ಲಿ ಒಂದು ವಿದ್ಯುತ್ ಮಂಡಲವಿದೆ. ಎಲೆಕ್ಟ್ರಿಷಿಯನ್ ಸೇರಿಸಿದ ಆ ತುಂಡು ವೈರು, ಯಾರೂ ನೋಡದೆಯೇ ‘ಗೇಟು ಬಿದ್ದಿದೆ’ ಎಂದು ಸದಾ ಗಂಟೆ ಬಾರಿಸುತ್ತಿತ್ತು.

ಸರಣಿ ಜೋಡಣೆಯ ಕಾವಲು

ಹತ್ತನೇ ತರಗತಿಯ ವಿದ್ಯಾರ್ಥಿಗಳೇ, ಸರಣಿ ಜೋಡಣೆ ಮತ್ತು ಸಮಾಂತರ ಜೋಡಣೆಯ ವ್ಯತ್ಯಾಸವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೀರಿ. ಮನೆಯ ದೀಪಗಳನ್ನು ಸಮಾಂತರವಾಗಿ ಜೋಡಿಸುತ್ತಾರೆ, ಏಕೆಂದರೆ ಒಂದು ಕೆಟ್ಟರೂ ಉಳಿದವು ಉರಿಯಬೇಕು. ಹಾಗಾದರೆ ಒಂದು ಕೆಟ್ಟರೆ ಎಲ್ಲವೂ ನಿಲ್ಲುವ ಸರಣಿ ಜೋಡಣೆಯಿಂದ ಏನು ಪ್ರಯೋಜನ ಎಂದು ಯಾರೂ ಕೇಳುವುದಿಲ್ಲ. ಉತ್ತರ ಲಿಫ್ಟಿನಲ್ಲಿದೆ.

ಲಿಫ್ಟಿನ ಗುಂಡಿಯ ತಳದಲ್ಲಿ ಒಂದು ಸ್ವಿಚ್ಚು, ವೇಗ ಮಿತಿಮೀರಿದರೆ ಬಿಡುವ ಒಂದು ಸ್ವಿಚ್ಚು, ಮೇಲಿನ ಮತ್ತು ಕೆಳಗಿನ ಕೊನೆಯ ಎಲ್ಲೆಗಳಲ್ಲಿ ಒಂದೊಂದು ಸ್ವಿಚ್ಚು, ಪ್ರತಿ ಮಹಡಿಯ ಬಾಗಿಲಿಗೆ ಒಂದು, ಲಿಫ್ಟಿನ ಸ್ವಂತ ಬಾಗಿಲಿಗೆ ಒಂದು. ಇವೆಲ್ಲವನ್ನೂ ಒಂದರ ಹಿಂದೆ ಒಂದರಂತೆ ಒಂದೇ ದಾರದಲ್ಲಿ ಪೋಣಿಸಿರುತ್ತಾರೆ. ಎಲ್ಲ ಸ್ವಿಚ್ಚುಗಳೂ ಮುಚ್ಚಿದ್ದರೆ ಮಾತ್ರ ವಿದ್ಯುತ್ತು ಆ ಸರಣಿಯ ಕೊನೆ ತಲುಪಿ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಒಂದು ತೆರೆದರೂ ಅಪ್ಪಣೆ ರದ್ದು. ವೈರು ತುಂಡಾದರೂ, ತುಕ್ಕು ಹಿಡಿದರೂ, ಇಲಿ ಕಡಿದರೂ ಫಲ ಒಂದೇ: ಲಿಫ್ಟು ನಿಲ್ಲುತ್ತದೆ.

ಬಾಗಿಲಿನ ಬೀಗವನ್ನೂ ಗಮನಿಸಿ. ಬಾಗಿಲು ಪೂರ್ತಿ ಮುಚ್ಚಿದ ಮೇಲೆ ಒಂದು ಕೊಕ್ಕೆ ಬೀಳುತ್ತದೆ. ಕೊಕ್ಕೆ ಸರಿಯಾಗಿ ಕೂತ ಮೇಲೆಯೇ ಸ್ವಿಚ್ಚು ಮುಚ್ಚುತ್ತದೆ. ನಾಲ್ಕು ಬೆರಳು ಸಂದಿ ಉಳಿದರೆ ಕೊಕ್ಕೆ ಬೀಳದು. ಕೊಕ್ಕೆ ಬೀಳದ ಬಾಗಿಲನ್ನು ಮಗುವಿನ ಕೈಯೂ ಸರಿಸಬಲ್ಲದು. ಅಂಥ ಹೊತ್ತಿನಲ್ಲಿ ಲಿಫ್ಟು ಅಲ್ಲಿಂದ ಹೊರಡದಂತೆ ತಡೆಯುವುದು ಆ ಸ್ವಿಚ್ಚೊಂದೇ. ಅದನ್ನೇ ತುಂಡು ವೈರು ಕುರುಡು ಮಾಡಿತ್ತು.

ಬ್ರೇಕಿನ ಕಥೆಯೂ ಇದೇ ಜಾತಿಯದು. ಕರೆಂಟು ಹೋದರೆ ಬ್ರೇಕೂ ಹೋಗುತ್ತದೆ ಎಂದು ಹೆದರುವವರಿದ್ದಾರೆ. ವಾಸ್ತವ ತದ್ವಿರುದ್ಧ. ಮೋಟಾರಿನಿಂದ ನಡೆಯುವ ಲಿಫ್ಟಿನಲ್ಲಿ ಬ್ರೇಕನ್ನು ಬಿಗಿಯುವುದು ಸ್ಪ್ರಿಂಗು. ಅದನ್ನು ಸಡಿಲಿಸುವುದು ವಿದ್ಯುತ್ಕಾಂತ. ಕರೆಂಟು ಇರುವಷ್ಟು ಹೊತ್ತು ಕಾಂತವು ಸ್ಪ್ರಿಂಗನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಹೋದ ಕ್ಷಣ ಕಾಂತ ಸೋಲುತ್ತದೆ, ಸ್ಪ್ರಿಂಗು ಗೆಲ್ಲುತ್ತದೆ, ಬ್ರೇಕು ಬೀಳುತ್ತದೆ. 1854ರಲ್ಲಿ ಎಲಿಶಾ ಓಟಿಸ್ ಎಂಬಾತ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನೇ ವೇದಿಕೆಯ ಮೇಲೆ ನಿಂತು ಅದರ ಹಗ್ಗವನ್ನು ಕಡಿಸಿದ. ಜನ ಗಾಬರಿಯಾದರು, ವೇದಿಕೆ ಮಾತ್ರ ಸ್ವಲ್ಪ ಜಾರಿ ನಿಂತುಬಿಟ್ಟಿತು. ಹಗ್ಗದ ಎಳೆತ ಇರುವವರೆಗೆ ಬಾಗಿದ್ದ ಸ್ಪ್ರಿಂಗು, ಎಳೆತ ತಪ್ಪಿದೊಡನೆ ಬಿಚ್ಚಿಕೊಂಡು ಇಕ್ಕೆಲದ ಹಲ್ಲುಗಳಿಗೆ ಸಿಕ್ಕಿಕೊಳ್ಳುವಂತೆ ಅವನು ಮಾಡಿದ್ದ. ಸೋತರೂ ಸುರಕ್ಷಿತವಾಗಿಯೇ ಸೋಲಬೇಕೆಂಬ ಈ ಉಪಾಯವನ್ನು ನಂಬಿಯೇ ಜನ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಹತ್ತತೊಡಗಿದರು.

ಆದ್ದರಿಂದ ಲಿಫ್ಟು ನಿಂತಾಗ ‘ಇದನ್ನು ಓಡಿಸುವುದು ಹೇಗೆ?’ ಎಂದು ಮೊದಲು ಕೇಳಬಾರದು. ‘ಇದು ಯಾಕೆ ನಿಂತಿತು?’ ಎಂದು ಕೇಳಬೇಕು. ನಮ್ಮ ಎಲೆಕ್ಟ್ರಿಷಿಯನ್ ಕೈಕೆಲಸದಲ್ಲಿ ಕಡಿಮೆಯವನಲ್ಲ. ಮೊದಲ ಪ್ರಶ್ನೆಗೆ ಅವನು ಸರಿಯಾದ ಉತ್ತರವನ್ನೇ ಕೊಟ್ಟಿದ್ದ. ಎರಡನೆಯದನ್ನು ಅವನಿಗೆ ಯಾರೂ ಕೇಳಿರಲಿಲ್ಲ.

ಮನೆಯವರು ನೋಡಬಹುದಾದದ್ದು

ಹಾಗೆಂದು ಎಲ್ಲಕ್ಕೂ ಕಂಪನಿಯವರನ್ನೇ ಕಾಯಬೇಕಾಗಿಲ್ಲ. ಪೆಟ್ಟಿಗೆ ತೆರೆಯದೆ, ಸ್ಕ್ರೂ ಮುಟ್ಟದೆ ದೊಡ್ಡವರು ನೋಡಬಹುದಾದ ಸಂಗತಿಗಳು ಕೆಲವಿವೆ.

ಲಿಫ್ಟಿನಲ್ಲಿ ದೀಪವೂ ಇಲ್ಲ, ಫ್ಯಾನೂ ಇಲ್ಲ ಎಂದರೆ ಮೊದಲು ಮನೆಯಲ್ಲಿ ಕರೆಂಟು ಇದೆಯೇ ನೋಡಿ. ಇದ್ದರೆ ಲಿಫ್ಟಿನ ಎಂ.ಸಿ.ಬಿ. ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಒಮ್ಮೆ ಮೇಲೆತ್ತಿ. ಮತ್ತೆ ಬಿದ್ದರೆ ಅದನ್ನು ಬಿಟ್ಟುಬಿಡಿ. ಪದೇ ಪದೇ ಎತ್ತುವುದು, ಇನ್ನೂ ದೊಡ್ಡ ಎಂ.ಸಿ.ಬಿ. ಹಾಕಿಸುವುದು ಎರಡೂ ತಪ್ಪು. ಎಂ.ಸಿ.ಬಿ. ಬಿಡುವುದು ಕರೆಂಟು ಮಿತಿಮೀರಿ ಹರಿದಾಗ. ಅದರ ಪಕ್ಕದ ಆರ್.ಸಿ.ಸಿ.ಬಿ. ಬಿಡುವುದು ಕರೆಂಟು ಸೋರಿದಾಗ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಬಿಡುವಂಥದ್ದು. ಮಳೆಗಾಲದಲ್ಲಿ ಲಿಫ್ಟಿನ ಗುಂಡಿಗೆ ನೀರು ಇಳಿದು ಅದು ಬಿಡುತ್ತಿದ್ದರೆ ಮೊದಲು ಕರೆಸಬೇಕಾದದ್ದು ಗಾರೆ ಕೆಲಸದವರನ್ನು.

ಸಂಜೆ ಹೊತ್ತು ಮಾತ್ರ ಲಿಫ್ಟು ತಕರಾರು ಮಾಡುತ್ತದೆಯೇ? ವೋಲ್ಟೇಜು ನೋಡಿ. ನಾಲ್ಕು ಜನರ ಲಿಫ್ಟು ಹೊರುವುದು 272 ಕಿಲೋಗ್ರಾಂ, ಅಂದರೆ ತಲೆಗೆ 68ರಂತೆ ಲೆಕ್ಕ. ಈ ಭಾರವನ್ನು ಸೆಕೆಂಡಿಗೆ 0.3 ಮೀಟರಿನಂತೆ ಎತ್ತಬೇಕೆಂದಿಟ್ಟುಕೊಳ್ಳಿ. 272 × 9.8 × 0.3 = ಸುಮಾರು 800 ವ್ಯಾಟ್. ಘರ್ಷಣೆಯ ನಷ್ಟ ಮತ್ತು ಲಿಫ್ಟಿನ ಸ್ವಂತ ತೂಕ ಸೇರಿದರೆ ಇದು ಹೆಚ್ಚುತ್ತದೆ, ಎದುರು ತೂಕ ಇದ್ದರೆ ತಗ್ಗುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 180 ಬಂದರೆ ಅಷ್ಟೇ ಕೆಲಸಕ್ಕೆ ಹೆಚ್ಚು ಕರೆಂಟು ಬೇಕು. ಕರೆಂಟು ಹೆಚ್ಚಿದಷ್ಟೂ ವೈರಿನಲ್ಲಿ ಕಳೆದುಹೋಗುವ ವೋಲ್ಟೇಜೂ ಹೆಚ್ಚು. ಒಂದು ಓಮ್ ರೋಧದ ವೈರಿನಲ್ಲಿ 10 ಆಂಪಿಯರ್ ಹರಿದರೆ 10 ವೋಲ್ಟ್ ದಾರಿಯಲ್ಲೇ ಖರ್ಚು. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೆ.ಜಿ.ಎಫ್. ಗಣಿಗಳಿಗೆ ವಿದ್ಯುತ್ತು ಹರಿಸಿದಾಗ 30 ಸಾವಿರ ವೋಲ್ಟಿಗೂ ಹೆಚ್ಚಿನ ಒತ್ತಡ ಬಳಸಿದ್ದು ಇದೇ ಕಾರಣಕ್ಕೆ. ವೋಲ್ಟೇಜು ಏರಿಸಿದರೆ ಕರೆಂಟು ತಗ್ಗುತ್ತದೆ, ದಾರಿಯ ನಷ್ಟವೂ ತಗ್ಗುತ್ತದೆ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷದ ಮೇಲೆ, 1905ರಲ್ಲಿ.

ತ್ರೀಫೇಸ್ ಇರುವ ಮನೆಯಲ್ಲಿ ಅರ್ಧ ಮನೆಗೆ ದೀಪವಿದ್ದು ಅರ್ಧಕ್ಕೆ ಇಲ್ಲವೆಂದರೆ ಒಂದು ಫೇಸು ಹೋಗಿದೆ. ತ್ರೀಫೇಸ್ ಲಿಫ್ಟು ಆಗ ನಿಲ್ಲುವುದೇ ಸರಿ. ಬೀದಿಯ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ ದಿನವೇ ಲಿಫ್ಟು ನಿಂತರೆ ಫೇಸುಗಳ ಕ್ರಮ ಅದಲುಬದಲಾಗಿರಬಹುದು. ಎರಡು ಫೇಸು ಅದಲುಬದಲಾದರೆ ತ್ರೀಫೇಸ್ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಅದನ್ನು ಪತ್ತೆ ಹಚ್ಚುವ ಪುಟ್ಟ ರಿಲೇ ಲಿಫ್ಟಿಗೆ ಅಪ್ಪಣೆ ಕೊಡುವುದಿಲ್ಲ. ವಿದ್ಯುತ್ ಕಚೇರಿಗೆ ತಿಳಿಸಿ, ರಿಲೇಯನ್ನು ಬೈಯಬೇಡಿ.

ದೀಪವಿದೆ, ಫ್ಯಾನಿದೆ, ಆದರೂ ಹೊರಡದು ಎಂದರೆ ಕೆಂಪು ‘ಸ್ಟಾಪ್’ ಗುಂಡಿ ಒತ್ತಿಕೊಂಡಿದೆಯೇ, ಜನ ಹೆಚ್ಚಾಗಿ ಬಜರ್ ಕೂಗುತ್ತಿದೆಯೇ ನೋಡಿ. ಬಾಗಿಲ ಅಂಚಿನ ಬೆಳಕಿನ ಕಣ್ಣಿಗೆ ಧೂಳು, ಜೇಡರ ಬಲೆ ಕಟ್ಟಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಲಿಫ್ಟು ಯಾವ ಮಹಡಿಯಲ್ಲಿ ನಿಂತಿದೆಯೋ ಅಲ್ಲಿ ಬಾಗಿಲು ಜಾರುವ ಗಾಡಿಯಲ್ಲಿ ಕಸ ಸೇರಿದೆಯೇ ನೋಡಿ. ಇದನ್ನೆಲ್ಲ ನೋಡಿಯೂ ಹೊರಡದಿದ್ದರೆ ಮೇನ್ ಇಳಿಸಿ, ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿ. ಅದರಾಚೆಯದು ತರಬೇತಿ ಪಡೆದವರ ಕೆಲಸ. ಬಾಗಿಲಿನ ಸ್ವಿಚ್ಚನ್ನು ವೈರಿನಿಂದ ಸೇರಿಸಿ ಓಡಿಸಿಕೊಡುತ್ತೇನೆ ಎಂದು ಯಾರೇ ಹೇಳಲಿ, ಎಷ್ಟೇ ಅನುಭವಿಯಾಗಿರಲಿ, ಬೇಡ ಎನ್ನಿ.

ಒಳಗೆ ಸಿಕ್ಕಿಬಿದ್ದರೆ

ಮಕ್ಕಳಿಗೆ ಇದನ್ನು ಇಂದೇ ಹೇಳಿಕೊಡಿ. ಲಿಫ್ಟು ನಡುವೆ ನಿಂತರೆ ಅಲಾರಂ ಒತ್ತಿ, ಕೂಗಿ, ಕಾಯಬೇಕು. ಲಿಫ್ಟು ಗಾಳಿಯಾಡದ ಡಬ್ಬವಲ್ಲ, ಉಸಿರು ಕಟ್ಟುವುದಿಲ್ಲ. ಬ್ಯಾಟರಿಯಿಂದ ನಡೆಯುವ ರಕ್ಷಣಾ ಸಾಧನವಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದೇ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುತ್ತದೆ. ಬಾಗಿಲು ಮೀಟಿ, ಅರ್ಧ ಮಹಡಿಯ ಎತ್ತರದಿಂದ ಹೊರಗೆ ನೆಗೆಯುವುದೇ ನಿಜವಾದ ಅಪಾಯ. ಏಕೆಂದರೆ ಲಿಫ್ಟಿನ ಕೆಳಗೆ ಗುಂಡಿ ಬಾಯಿ ತೆರೆದುಕೊಂಡಿರುತ್ತದೆ, ಕಾಲು ಜಾರಿದರೆ ಹಿಂದಕ್ಕೆ ಅದರೊಳಗೇ. ನಡುವೆ ಲಿಫ್ಟು ಚಲಿಸಿಬಿಟ್ಟರಂತೂ ಕೇಳುವುದೇ ಬೇಡ.

ಪಾಲಕರಿಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ಲಿಫ್ಟುಗಳಿಗೆಂದೇ 2012ರ ಕಾಯ್ದೆಯಿದೆ, ವಿದ್ಯುತ್ ಪರಿವೀಕ್ಷಣಾಲಯವಿದೆ. ಲಿಫ್ಟು ಹಾಕಿಸುವಾಗ ಬೆಲೆ, ಬಣ್ಣ, ಕನ್ನಡಿಗಳ ಜೊತೆಗೆ ಪರವಾನಗಿ ಪತ್ರವನ್ನೂ ಕೇಳಿ. ವರ್ಷಕ್ಕೆ ಎಷ್ಟು ಸಲ ಸರ್ವಿಸ್, ಕೆಟ್ಟರೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಕಂಪನಿಯವರು ಮೂರು ದಿನ ಬಾರದ ಕಡೆ ತುಂಡು ವೈರಿಗೆ ಕೆಲಸ ಬರುತ್ತದೆ.

ಮನೆಯಲ್ಲೇ ಮಾಡಿ ನೋಡಿ

ವಿದ್ಯಾರ್ಥಿಗಳಿಗೊಂದು ಪ್ರಯೋಗ. ಟಾರ್ಚಿನ 1.5 ವೋಲ್ಟಿನ ಎರಡು ಸೆಲ್ಲು, ಒಂದು ಚಿಕ್ಕ ಟಾರ್ಚ್ ಬಲ್ಬು, ರಟ್ಟಿನ ಮೇಲೆ ಡ್ರಾಯಿಂಗ್ ಪಿನ್ನು ಮತ್ತು ಪೇಪರ್ ಕ್ಲಿಪ್ಪಿನಿಂದ ಮಾಡಿದ ಮೂರು ಸ್ವಿಚ್ಚುಗಳು. ಎಲ್ಲವನ್ನೂ ಸರಣಿಯಲ್ಲಿ ಜೋಡಿಸಿ. ಮೂರನ್ನೂ ಮುಚ್ಚಿದರೆ ಬಲ್ಬು ಉರಿಯುತ್ತದೆ. ಬಲ್ಬೇ ನಿಮ್ಮ ಲಿಫ್ಟು.

ಈಗ ಗೆಳೆಯನೊಬ್ಬ ಒಂದು ಕ್ಲಿಪ್ಪಿನ ಕೆಳಗೆ ಗುಟ್ಟಾಗಿ ಕಾಗದದ ಚೂರು ಸಿಕ್ಕಿಸಲಿ. ಹೊರಗಿನಿಂದ ಮೂರೂ ಮುಚ್ಚಿದಂತೆಯೇ ಕಾಣುತ್ತವೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದೊಂದು ಸ್ವಿಚ್ಚಿನ ಎರಡೂ ತುದಿಗೆ ಹಿಡಿಯುತ್ತ ಬನ್ನಿ. ಸರಿಯಾಗಿ ಮುಚ್ಚಿದ ಸ್ವಿಚ್ಚಿನಲ್ಲಿ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಕಾಗದ ಸಿಕ್ಕಿದ ಸ್ವಿಚ್ಚಿನಲ್ಲಿ ಸುಮಾರು 3 ವೋಲ್ಟ್. ಕರೆಂಟು ಎಲ್ಲಿ ತಡೆದಿದೆಯೋ ಅಲ್ಲಿ ಸೆಲ್ಲಿನ ಒತ್ತಡವೆಲ್ಲ ಬಂದು ನಿಂತಿರುತ್ತದೆ. ಬೀದಿಯ ನಲ್ಲಿಯಲ್ಲಿ ನಾಲ್ಕನೇ ಮನೆಗೆ ನೀರು ಬಂದು ಐದನೆಯದಕ್ಕೆ ಬಾರದಿದ್ದರೆ ಪೈಪು ಕಟ್ಟಿಕೊಂಡಿರುವುದು ಎಲ್ಲಿ ಎಂದು ಹೇಳಲು ಎಂಜಿನಿಯರ್ ಬೇಕೇ?

ಕೊನೆಗೆ ಕಾಗದ ಸಿಕ್ಕಿದ ಸ್ವಿಚ್ಚಿಗೆ ಅಡ್ಡಲಾಗಿ ಒಂದು ತುಂಡು ವೈರು ಸೇರಿಸಿ. ಬಲ್ಬು ಉರಿಯುತ್ತದೆ. ಈಗ ಆ ಸ್ವಿಚ್ಚನ್ನು ತೆರೆದರೂ ಉರಿಯುತ್ತದೆ, ಮುಚ್ಚಿದರೂ ಉರಿಯುತ್ತದೆ. ಆ ಸ್ವಿಚ್ಚು ಇನ್ನು ಅಲಂಕಾರಕ್ಕೆ ಮಾತ್ರ. ಇದನ್ನು ಸೆಲ್ಲಿನಿಂದ ಮಾತ್ರ ಮಾಡಿ. ಮನೆಯ ಕರೆಂಟಿಗೂ ನಿಜವಾದ ಲಿಫ್ಟಿಗೂ ಕೈ ಹಾಕಕೂಡದು.

ಬುಧವಾರ ಕಂಪನಿಯ ಹುಡುಗ ಬೆಂಗಳೂರಿನಿಂದ ಬಂದ. ನಾನೂ ಹೋಗಿದ್ದೆ. ಅವನು ಮೊದಲು ಆ ತುಂಡು ವೈರನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಮೀಟರ್ ಹಿಡಿದು ಟರ್ಮಿನಲ್‌ಗಳನ್ನು ಸಾಲಾಗಿ ನೋಡುತ್ತ ಬಂದ. ಗುಂಡಿಯ ಸ್ವಿಚ್ಚು ದಾಟಿದ ಮೇಲೆ 110 ವೋಲ್ಟ್, ನೆಲಮಹಡಿಯ ಬಾಗಿಲು ದಾಟಿದ ಮೇಲೆ 110, ಮೊದಲ ಮಹಡಿ 110, ಎರಡನೇ ಮಹಡಿ ಸೊನ್ನೆ. ಎರಡನೇ ಮಹಡಿಗೆ ಹೋಗಿ, ಬಾಗಿಲು ಜಾರುವ ಗಾಡಿಯನ್ನು ಬ್ರಷ್ಷಿನಿಂದ ಗೋರಿದ. ಅಲ್ಲಿಂದ ಈಚೆ ಬಂದದ್ದು ಗಟ್ಟಿಯಾಗಿ ಒತ್ತಿಹೋಗಿದ್ದ ಒಂದು ನಿಪ್ಪಟ್ಟಿನ ಚೂರು. ಬಂಗಾರಪೇಟೆಯ ಚಾಟ್ ಕಟ್ಟಿಸಿಕೊಂಡು ಲಿಫ್ಟಿನಲ್ಲೇ ತಿನ್ನುತ್ತ ಹೋದವರು ಯಾರು ಎಂದು ಯಾರೂ ಒಪ್ಪಿಕೊಳ್ಳಲಿಲ್ಲ. ಒಟ್ಟು ಹತ್ತು ನಿಮಿಷದ ಕೆಲಸ.

ಲಿಫ್ಟು ಸಿದ್ಧವಾಯಿತು ಎಂದರೂ ಹಿರಿಯರು ಎದ್ದೊಡನೆ ಹತ್ತಲಿಲ್ಲ. ಮೂರೂ ಮಹಡಿಗೆ ಮೆಟ್ಟಿಲಲ್ಲೇ ಹತ್ತಿ, ಒಂದೊಂದು ಬಾಗಿಲನ್ನೂ ಕೈಯಿಂದ ಎಳೆದು ನೋಡಿದರು. ಆಮೇಲೆ ಮೊಮ್ಮಗನನ್ನು ಒಳಗೆ ಕರೆದುಕೊಂಡು, ಬಾಗಿಲು ಮುಚ್ಚುವಾಗ ಕಿವಿಗೊಟ್ಟರು. ಕೊಕ್ಕೆ ‘ಟಕ್’ ಎಂದು ಬಿತ್ತು. “ಕೇಳಿಸ್ತಾ? ಅದೇ ಗಂಟೆ” ಎಂದು ಮಗುವಿಗೆ ಹೇಳುವುದು ಹೊರಗೆ ನಿಂತ ನಮಗೂ ಕೇಳಿಸಿತು. ಲಿಫ್ಟು ಕೆಳಕ್ಕೆ ಹೊರಟಿತು.